ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಎಷ್ಟೋ ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ. ‘ಮೂರು ಸಲ ಓದಿದ್ದೆ, ಎಲ್ಲಾ ಗೊತ್ತಿತ್ತು, ಬರೆಯೋಕೆ ಕೂತಾಗ ನೆನಪೇ ಆಗ್ಲಿಲ್ಲ.’ ದೊಡ್ಡವರಿಗೆ ಇದು ನೆಪದಂತೆ ಕೇಳಿಸುತ್ತದೆ. ಸರಿಯಾಗಿ ಓದಿದ್ದರೆ ಯಾಕೆ ಬರಲ್ಲ ಎಂದು ಗದರುತ್ತಾರೆ, ಇನ್ನೂ ಎರಡು ಗಂಟೆ ಹೆಚ್ಚು ಕೂರಿಸುವ ಟ್ಯೂಷನ್ ಹುಡುಕುತ್ತಾರೆ. ಆದರೆ ಆ ಹುಡುಗ ಹೇಳುತ್ತಿರುವುದು ನಿಜ. ಅವನು ಓದಿದ್ದ, ಓದುವಾಗ ಎಲ್ಲವೂ ಗೊತ್ತಿದೆ ಅಂತಲೇ ಅನ್ನಿಸಿತ್ತು. ಗೊತ್ತಿದೆ ಅನ್ನಿಸುವುದು ಬೇರೆ, ಬೇಕಾದಾಗ ಅದನ್ನು ತಲೆಯಿಂದ ಹೊರಗೆ ತೆಗೆಯುವುದು ಬೇರೆ ಎಂದು ಹತ್ತು ವರ್ಷದ ಶಾಲೆಯಲ್ಲಿ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮದುವೆಮನೆಯಲ್ಲಿ ಎದುರಾದವರ ಮುಖ ಚೆನ್ನಾಗಿ ಗುರುತು ಸಿಗುತ್ತದೆ, ಹೆಸರು ಮಾತ್ರ ಎಷ್ಟು ತಡಕಾಡಿದರೂ ನಾಲಗೆಗೆ ಬರುವುದಿಲ್ಲ. ಎರಡನೆಯ ಸಲ, ಮೂರನೆಯ ಸಲ ಪಾಠ ಓದುವ ವಿದ್ಯಾರ್ಥಿಗೆ ಆಗುವುದೂ ಇದೇ. ಸಾಲುಗಳ ಮುಖಪರಿಚಯ ಬೆಳೆಯುತ್ತಾ ಹೋಗುತ್ತದೆ. ಕಣ್ಣು ಸಲೀಸಾಗಿ ಓಡುತ್ತದೆ, ಮುಂದಿನ ವಾಕ್ಯ ಯಾವುದೆಂದು ಮೊದಲೇ ತಿಳಿಯುತ್ತದೆ, ‘ಇದಾಯ್ತು’ ಎಂಬ ನೆಮ್ಮದಿ ಹುಟ್ಟುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಕಣ್ಣೆದುರು ಆ ಸಾಲುಗಳಿರುವುದಿಲ್ಲ. ಅಲ್ಲಿರುವುದು ಪ್ರಶ್ನೆ ಮತ್ತು ಖಾಲಿ ಹಾಳೆ. ಮೂರು ಸಲ ಓದಿದವನು ಖಾಲಿ ಹಾಳೆಯ ಎದುರು ಕೂರುವ ಅಭ್ಯಾಸವನ್ನು ಒಂದು ಸಲವೂ ಮಾಡಿರುವುದಿಲ್ಲ.

2006ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಸರಳ ಪ್ರಯೋಗ ಮಾಡಿದರು. ಒಂದು ಗುಂಪಿಗೆ ಒಂದು ಗದ್ಯಭಾಗ ಕೊಟ್ಟು ನಾಲ್ಕು ಅವಧಿಯೂ ಅದನ್ನೇ ಓದಲು ಹೇಳಿದರು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿತು. ಉಳಿದ ಮೂರು ಅವಧಿ ಪುಸ್ತಕ ನೋಡದೆ ನೆನಪಾದಷ್ಟನ್ನು ಬರೆಯುವುದೇ ಕೆಲಸ. ಮೊದಲ ಗುಂಪಿನವರು ಸರಾಸರಿ 14 ಸಲ ಆ ಭಾಗವನ್ನು ಓದಿ ಮುಗಿಸಿದ್ದರು, ಎರಡನೆಯವರು ಮೂರೂವರೆ ಸಲದಷ್ಟು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಬರೀ ಓದಿದವರೇ ಗೆದ್ದರು: ಅವರಿಗೆ ಶೇ 83ರಷ್ಟು ನೆನಪಿತ್ತು, ಬರೆದು ಅಭ್ಯಾಸ ಮಾಡಿದವರಿಗೆ ಶೇ 71. ಒಂದು ವಾರ ಬಿಟ್ಟು ನೋಡಿದಾಗ ಲೆಕ್ಕ ತಲೆಕೆಳಗಾಗಿತ್ತು. ನಾಲ್ಕೂ ಅವಧಿ ಓದಿದವರಲ್ಲಿ ಉಳಿದದ್ದು ಶೇ 40, ಮುಚ್ಚಿ ಬರೆದವರಲ್ಲಿ ಶೇ 61.

ಈ ಪ್ರಯೋಗದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿವರ. ವಾರದ ನಂತರ ನಿಮಗೆ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದ್ದರು. ಹೆಚ್ಚು ಭರವಸೆಯಿಂದ ಉತ್ತರಿಸಿದವರು ಬರೀ ಓದಿದ ಗುಂಪಿನವರು. ಪರಿಣಾಮ ಕಡಿಮೆ ಇರುವ ವಿಧಾನವೇ ಹೆಚ್ಚು ಧೈರ್ಯ ಕೊಡುತ್ತದೆ. ಹೆಚ್ಚು ಪರಿಣಾಮ ಇರುವ ವಿಧಾನ ‘ನನಗೇನೂ ಬರಲ್ಲ’ ಎಂಬ ಅಳುಕು ಹುಟ್ಟಿಸುತ್ತದೆ. ಮಕ್ಕಳು ಪುಸ್ತಕ ಮುಚ್ಚಲು ಹಿಂಜರಿಯುವುದು ಈ ಅಳುಕಿನಿಂದ. ಮುಚ್ಚಿದ ಕ್ಷಣ ಎಷ್ಟು ಬರುವುದಿಲ್ಲ ಎಂಬುದು ಕಣ್ಣಿಗೆ ಹೊಡೆಯುತ್ತದೆ, ಮತ್ತೆ ತೆರೆದರೆ ಹಾಯೆನಿಸುತ್ತದೆ. ಆ ಅಳುಕನ್ನು ಸಹಿಸಿಕೊಳ್ಳುವುದನ್ನು ಹೇಳಿಕೊಡುವುದು ಶಿಕ್ಷಕರ, ತಂದೆತಾಯಿಯರ ಕೆಲಸ. ಗಣಿತ, ವಿಜ್ಞಾನಕ್ಕಿಂತ ಮೊದಲು ಹೇಳಿಕೊಡಬೇಕಾದದ್ದು ಇದು ಎಂದೇ ನಾನು ನಂಬಿದ್ದೇನೆ.

ಇದು ಹೊಸ ಸುದ್ದಿಯೂ ಅಲ್ಲ. 1939ರಲ್ಲೇ ಹರ್ಬರ್ಟ್ ಸ್ಪಿಟ್ಜರ್ ಎಂಬವರು ಅಮೆರಿಕದ ಅಯೋವಾ ರಾಜ್ಯದ ಮೂರೂವರೆ ಸಾವಿರಕ್ಕೂ ಹೆಚ್ಚು ಆರನೇ ತರಗತಿಯ ಮಕ್ಕಳ ಮೇಲೆ ಅಧ್ಯಯನ ಮಾಡಿ, ಪಾಠವಾದ ಕೂಡಲೇ ಒಂದು ಚಿಕ್ಕ ಪರೀಕ್ಷೆ ಇದ್ದರೆ ಮರೆವು ಕಡಿಮೆಯಾಗುತ್ತದೆ ಎಂದು ತೋರಿಸಿದ್ದರು. 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ವಿದ್ಯಾರ್ಥಿಗಳು ಬಳಸುವ ಹತ್ತು ಅಧ್ಯಯನ ವಿಧಾನಗಳನ್ನು, ಅಷ್ಟು ವರ್ಷಗಳ ಸಂಶೋಧನೆಯನ್ನೆಲ್ಲ ಎದುರಿಗಿಟ್ಟುಕೊಂಡು ತೂಗಿ ನೋಡಿದರು. ಅತಿ ಹೆಚ್ಚು ಉಪಯುಕ್ತ ಎಂಬ ದರ್ಜೆ ಸಿಕ್ಕಿದ್ದು ಎರಡಕ್ಕೆ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಓದನ್ನು ದಿನಗಳ ಮೇಲೆ ಹರಡಿಕೊಳ್ಳುವುದು. ಅಂಡರ್‌ಲೈನ್ ಮಾಡುವುದು, ಹೈಲೈಟರ್ ಎಳೆಯುವುದು, ಮತ್ತೆ ಮತ್ತೆ ಓದುವುದು ಇವೆಲ್ಲ ಕೆಳಗಿನ ದರ್ಜೆಯಲ್ಲಿದ್ದವು. ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿ ಹಳದಿ ಗೆರೆ ಬೀಳದ ಸಾಲು ಹುಡುಕುವುದೇ ಕಷ್ಟ.

ಹಾಗಾದರೆ ಏನು ಮಾಡಬೇಕು? ಹತ್ತನೇ ತರಗತಿಯ ವಿಜ್ಞಾನದಲ್ಲಿ ಹೃದಯದ ರಚನೆ ಮತ್ತು ರಕ್ತಪರಿಚಲನೆಯ ಭಾಗವನ್ನೇ ತೆಗೆದುಕೊಳ್ಳಿ. ಹುಡುಗಿಯೊಬ್ಬಳು ಅದನ್ನು ಗಮನವಿಟ್ಟು ಒಂದು ಸಲ ಓದಿದ್ದಾಳೆ, ಚಿತ್ರ ನೋಡಿದ್ದಾಳೆ. ಈಗ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು ಒಂದು ಖಾಲಿ ಹಾಳೆ ತೆಗೆದುಕೊಳ್ಳಲಿ. ನಾಲ್ಕು ಕೋಣೆ ಬರೆಯುತ್ತಾಳೆ. ಮೇಲಿನವು ಹೃತ್ಕರ್ಣ, ಕೆಳಗಿನವು ಹೃತ್ಕುಕ್ಷಿ, ಇಷ್ಟು ಬರುತ್ತದೆ. ದೇಹದಿಂದ ಬಂದ ರಕ್ತ ಬಲ ಹೃತ್ಕರ್ಣಕ್ಕೆ, ಅಲ್ಲಿಂದ ಬಲ ಹೃತ್ಕುಕ್ಷಿಗೆ. ಆಮೇಲೆ ಶ್ವಾಸಕೋಶಕ್ಕೆ ಹೋಗಬೇಕು. ಯಾವ ನಾಳದಲ್ಲಿ? ಇಲ್ಲಿ ಪೆನ್ನು ನಿಲ್ಲುತ್ತದೆ. ಅಪಧಮನಿಯಲ್ಲಿ ಆಮ್ಲಜನಕಯುಕ್ತ ರಕ್ತ ಇರುತ್ತದೆ ಎಂದು ನೆನಪು. ಆದರೆ ಇಲ್ಲಿ ಹೊರಟಿರುವುದು ಆಮ್ಲಜನಕ ಕಡಿಮೆ ಇರುವ ರಕ್ತ. ಹಾಗಾದರೆ ಇದು ಅಭಿಧಮನಿ ಇರಬೇಕು ಎಂದು ಊಹಿಸಿ ಬರೆಯುತ್ತಾಳೆ. ಬರೆದು ಮುಗಿಸಿ ಪುಸ್ತಕ ತೆರೆದು ನೋಡಿದರೆ ಅದು ಅಪಧಮನಿಯೇ. ಹೃದಯದಿಂದ ಹೊರಕ್ಕೆ ಒಯ್ಯುವುದೆಲ್ಲ ಅಪಧಮನಿ, ಒಳಕ್ಕೆ ತರುವುದೆಲ್ಲ ಅಭಿಧಮನಿ, ರಕ್ತ ಎಂಥದ್ದು ಎಂಬುದರ ಮೇಲೆ ಹೆಸರು ನಿಂತಿಲ್ಲ ಎಂದು ಅವಳಿಗೆ ಈಗ ಹೊಳೆಯುತ್ತದೆ. ಈ ತಿದ್ದುಪಡಿಯನ್ನು ಕೆಂಪು ಶಾಯಿಯಲ್ಲಿ ಅದೇ ಹಾಳೆಯ ಮೇಲೆ ಬರೆದುಕೊಂಡರೆ ಅದು ಸುಲಭಕ್ಕೆ ಮರೆಯುವುದಿಲ್ಲ. ಅದೇ ಪುಟವನ್ನು ಐದು ಸಲ ಓದಿದ್ದರೂ ಆ ಸಾಲಿನ ಮೇಲೆ ಕಣ್ಣು ಜಾರಿ ಹೋಗುತ್ತಿತ್ತು, ತಾನು ತಪ್ಪು ತಿಳಿದಿದ್ದೇನೆ ಎಂಬ ಸುಳಿವೇ ಸಿಗುತ್ತಿರಲಿಲ್ಲ.

ಇಷ್ಟಕ್ಕೆ ಬೇಕಾದದ್ದು ಹಾಳೆ ಮತ್ತು ಪೆನ್ನು. ಹಾಳೆಯ ಖರ್ಚು ಹೆಚ್ಚಾಗುತ್ತದೆ ಎನ್ನುವವರು ಸ್ಲೇಟು ಬಳಸಲಿ, ಹಳೆಯ ಕ್ಯಾಲೆಂಡರಿನ ಹಿಂಬದಿ ಬಳಸಲಿ. ಬರೆಯಲು ಬೇಸರವಾದರೆ ಗಟ್ಟಿಯಾಗಿ ಹೇಳಿಕೊಳ್ಳಬಹುದು. ಮುಖ್ಯವಾದ ಷರತ್ತು ಎರಡೇ: ಪುಸ್ತಕ ಮುಚ್ಚಿರಬೇಕು, ಆಮೇಲೆ ತೆರೆದು ತಾಳೆ ನೋಡಲೇಬೇಕು. ತಾಳೆ ನೋಡದಿದ್ದರೆ ತಪ್ಪೇ ಗಟ್ಟಿಯಾಗಿ ಕೂರುವ ಅಪಾಯವಿದೆ.

ನಮ್ಮಲ್ಲಿ ಹಳೆಯ ಪ್ರಶ್ನೆಪತ್ರಿಕೆ, ಪ್ರಶ್ನೆಕೋಠಿ, ಮಾದರಿ ಪತ್ರಿಕೆಗಳಿಗೆ ಬರವಿಲ್ಲ. ಇವೆಲ್ಲ ಇರುವುದೇ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲು. ಆದರೆ ಮಕ್ಕಳು ಅವನ್ನೂ ಓದುತ್ತಾರೆ. ಪ್ರಶ್ನೆ ನೋಡಿದ ತಕ್ಷಣ ಕೆಳಗಿನ ಉತ್ತರಕ್ಕೆ ಕಣ್ಣು ಇಳಿಯುತ್ತದೆ, ‘ಹೌದು, ಇದು ಗೊತ್ತು’ ಎಂದು ಮುಂದೆ ಹೋಗುತ್ತಾರೆ. ಗೈಡುಗಳಂತೂ ಪ್ರಶ್ನೆ ಉತ್ತರ ಎರಡನ್ನೂ ಒಟ್ಟಿಗೇ ಅಚ್ಚು ಹಾಕಿ ಈ ಅಭ್ಯಾಸವನ್ನು ಬೆಳೆಸುತ್ತವೆ. ಒಂದು ರಟ್ಟಿನ ತುಂಡಿನಿಂದ ಉತ್ತರ ಮುಚ್ಚಿಕೊಂಡು, ಒಂದೆರಡು ಸಾಲಾದರೂ ಬರೆದ ಮೇಲೆಯೇ ರಟ್ಟು ಸರಿಸುವುದು ಎಂಬ ನಿಯಮ ಇಟ್ಟುಕೊಂಡರೆ ಅದೇ ಗೈಡು ಕೆಲಸಕ್ಕೆ ಬರುತ್ತದೆ. ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕೊಡುವ ‘ಪಾಸಿಂಗ್ ಪ್ಯಾಕೇಜ್’ ಹಿಡಿದು ಕೂತ ಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ. ಓದಬೇಕಾದದ್ದು ಕಡಿಮೆ ಇದೆ ಎಂದ ಮಾತ್ರಕ್ಕೆ ಅದು ತಾನಾಗಿ ತಲೆಯಲ್ಲಿ ನಿಲ್ಲುವುದಿಲ್ಲ.

ಇನ್ನು ಯಾವಾಗ ಎಂಬ ಪ್ರಶ್ನೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪುಸ್ತಕ ನೆನಪಿನ ವಿಜ್ಞಾನಕ್ಕೆ ತಳಹದಿ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಎಂದು ತಾನೇ ಅಳೆದುಕೊಂಡ ಮನುಷ್ಯ ಆತ. ಮರೆವು ಮೊದಲ ಕೆಲವು ಗಂಟೆಗಳಲ್ಲಿ ವೇಗವಾಗಿ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದೇ ದಿನ ಕೂತು ಹಲವು ಸಲ ಉರು ಹೊಡೆಯುವುದಕ್ಕಿಂತ ಅಷ್ಟೇ ಸಲವನ್ನು ಬೇರೆಬೇರೆ ದಿನಗಳಿಗೆ ಹಂಚಿದರೆ ಕಡಿಮೆ ಶ್ರಮದಲ್ಲಿ ಹೆಚ್ಚು ಉಳಿಯುತ್ತದೆ ಎಂದು ಆತ ಕಂಡುಕೊಂಡ. 2008ರಲ್ಲಿ ನಿಕೊಲಾಸ್ ಸೆಪೆಡಾ ಮತ್ತು ಜೊತೆಗಾರರು 1,350ಕ್ಕೂ ಹೆಚ್ಚು ಮಂದಿಯನ್ನು ಇಟ್ಟುಕೊಂಡು ಎಷ್ಟು ಅಂತರ ಒಳ್ಳೆಯದು ಎಂದು ಹುಡುಕಿದರು. ಪರೀಕ್ಷೆ ಒಂದು ವಾರ ದೂರವಿದ್ದರೆ ಮೊದಲ ಓದಿಗೂ ಎರಡನೆಯದಕ್ಕೂ ಒಂದು ದಿನದ ಅಂತರ ಸಾಕು. ವರ್ಷ ದೂರವಿದ್ದರೆ ಮೂರು ವಾರದ ಅಂತರ ಬೇಕು ಎಂಬುದು ಅವರ ಲೆಕ್ಕಕ್ಕೆ ಬಂದ ಉತ್ತರ. ಅಂದರೆ ನೆನಪು ಎಷ್ಟು ದಿನ ಬಾಳಬೇಕೋ ಅದಕ್ಕೆ ತಕ್ಕಂತೆ ಅಂತರವೂ ಹಿಗ್ಗಬೇಕು.

ಇದನ್ನು ನಮ್ಮ ಶಾಲಾ ವರ್ಷಕ್ಕೆ ಹೊಂದಿಸಿಕೊಳ್ಳುವುದು ಕಷ್ಟವೇನಲ್ಲ. ಜೂನ್‌ನಲ್ಲಿ ಮುಗಿದ ಪಾಠವನ್ನು ಮರುದಿನ ಐದು ನಿಮಿಷ ಮುಚ್ಚಿ ಬರೆಯುವುದು, ವಾರದ ಕೊನೆಗೆ ಒಮ್ಮೆ, ಜುಲೈನಲ್ಲಿ ಒಮ್ಮೆ, ದಸರಾ ರಜೆಯಲ್ಲಿ ಒಮ್ಮೆ, ಪೂರ್ವಸಿದ್ಧತಾ ಪರೀಕ್ಷೆಗೆ ಮುಂಚೆ ಒಮ್ಮೆ. ಪ್ರತಿಸಲವೂ ಅಷ್ಟರೊಳಗೆ ಸ್ವಲ್ಪ ಮರೆತಿರುತ್ತದೆ. ಸ್ವಲ್ಪ ಮರೆತ ಮೇಲೆ ಕಷ್ಟಪಟ್ಟು ನೆನಪಿಸಿಕೊಂಡಾಗಲೇ ಅದು ಬೇರೂರುವುದು. ಆದರೆ ನಾವು ಮಾಡುವುದೇನು? ಜನವರಿವರೆಗೆ ಸಿಲಬಸ್ ಮುಗಿಸುವ ಓಟ, ಆಮೇಲೆ ಎರಡು ತಿಂಗಳು ವಿಶೇಷ ತರಗತಿ, ಬೆಳಗಿನ ಜಾವದ ಎಬ್ಬಿಸುವಿಕೆ, ರಾತ್ರಿ ಗುಂಪು ಅಧ್ಯಯನ. ಈ ಎರಡು ತಿಂಗಳ ದುಡಿಮೆಯ ಹಿಂದೆ ಶಿಕ್ಷಕರ ಪ್ರಾಮಾಣಿಕ ಕಾಳಜಿ ಇದೆ. ಮನೆಮನೆಗೆ ಹೋಗಿ ಮಕ್ಕಳು ಓದುತ್ತಿದ್ದಾರಾ ಎಂದು ನೋಡಿ ಬರುವ ಮೇಷ್ಟ್ರುಗಳು ನಮ್ಮ ಹಳ್ಳಿಗಳಲ್ಲಿದ್ದಾರೆ. ಆ ಕಾಳಜಿಯ ಕಾಲುಭಾಗ ಜೂನ್ ತಿಂಗಳಿನಿಂದಲೇ ದಿನಕ್ಕೆ ಐದು ನಿಮಿಷದಂತೆ ಖರ್ಚಾದರೆ ಫೆಬ್ರವರಿಯ ಭಾರ ಬಹಳ ಇಳಿಯುತ್ತದೆ.

ಗಣಿತದ ಮಾತು ಸ್ವಲ್ಪ ಬೇರೆ, ಅದನ್ನು ವಿವರವಾಗಿಯೇ ಹೇಳಬೇಕು. ಸಮಾಂತರ ಶ್ರೇಢಿಯ ಅಧ್ಯಾಯದ ಕೊನೆಯಲ್ಲಿ ಅಭ್ಯಾಸವಿರುತ್ತದೆ. ‘ರಂಗಮಂದಿರದ ಮೊದಲ ಸಾಲಿನಲ್ಲಿ 20 ಕುರ್ಚಿಗಳಿವೆ, ಮುಂದಿನ ಪ್ರತಿ ಸಾಲಿನಲ್ಲೂ 2 ಹೆಚ್ಚು, 15 ಸಾಲುಗಳಲ್ಲಿ ಒಟ್ಟು ಎಷ್ಟು ಕುರ್ಚಿ’ ಎಂದು ಕೇಳಿದರೆ ಮಗು ಯೋಚಿಸಬೇಕಾದದ್ದೇ ಇಲ್ಲ. ಶ್ರೇಢಿಯ ಅಧ್ಯಾಯ, ಮೊತ್ತದ ಸೂತ್ರ, ಸಂಖ್ಯೆ ತುಂಬಿಸಿದರೆ 510. ಮುಂದಿನ ಲೆಕ್ಕವೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ಹತ್ತು ಲೆಕ್ಕ ಸರಿಯಾಗುತ್ತವೆ, ‘ಶ್ರೇಢಿ ಬಂತು’ ಎಂದಾಗುತ್ತದೆ. ವರ್ಗ ಸಮೀಕರಣದ ಅಧ್ಯಾಯದಲ್ಲಿ ‘ಹೊಲದ ಉದ್ದ ಅಗಲಕ್ಕಿಂತ 7 ಮೀಟರ್ ಹೆಚ್ಚು, ವಿಸ್ತೀರ್ಣ 120 ಚದರ ಮೀಟರ್’ ಎಂಬ ಲೆಕ್ಕ ಬಂದರೆ ಅಲ್ಲೂ ಅಷ್ಟೇ. ಅಗಲ 8, ಉದ್ದ 15 ಎಂದು ಬಿಡಿಸುತ್ತಾರೆ. ಪರೀಕ್ಷೆಯಲ್ಲಿ ಇವೆರಡೂ ಅಧ್ಯಾಯದ ಹೆಸರಿಲ್ಲದೆ, ಬೇರೆ ಬೇರೆ ಲೆಕ್ಕಗಳ ನಡುವೆ ಬರುತ್ತವೆ. ಆಗ ಮಗು ಮಾಡಬೇಕಾದ ಮೊದಲ ಕೆಲಸ ಇದು ಯಾವ ಬಗೆಯ ಲೆಕ್ಕ ಎಂದು ಗುರುತಿಸುವುದು. ಆ ಕೆಲಸದ ಅಭ್ಯಾಸವನ್ನೇ ಅಧ್ಯಾಯವಾರು ಅಭ್ಯಾಸಗಳು ಕೊಟ್ಟಿರುವುದಿಲ್ಲ.

2007ರಲ್ಲಿ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ನಾಲ್ಕು ಬಗೆಯ ಘನಾಕೃತಿಗಳ ಘನಫಲ ಕಂಡುಹಿಡಿಯುವ ಲೆಕ್ಕಗಳನ್ನು ಎರಡು ಗುಂಪಿಗೆ ಕೊಟ್ಟು ನೋಡಿದರು. ಒಂದು ಗುಂಪು ಒಂದೊಂದು ಬಗೆಯನ್ನು ಒಟ್ಟಿಗೆ ಮುಗಿಸಿತು, ಇನ್ನೊಂದಕ್ಕೆ ನಾಲ್ಕನ್ನೂ ಕಲಸಿ ಕೊಟ್ಟಿದ್ದರು. ಅಭ್ಯಾಸದ ಹೊತ್ತಿನಲ್ಲಿ ಒಟ್ಟಿಗೆ ಮಾಡಿದವರು ಶೇ 89ರಷ್ಟು ಸರಿ ಮಾಡಿದರು, ಕಲಸಿ ಮಾಡಿದವರು ಶೇ 60. ವಾರದ ಮೇಲೆ ಪರೀಕ್ಷೆ ಇಟ್ಟಾಗ ಮೊದಲ ಗುಂಪು ಶೇ 20ಕ್ಕೆ ಕುಸಿದಿತ್ತು, ಎರಡನೆಯದು ಶೇ 63ರಲ್ಲಿತ್ತು. ಮನೆಗೆಲಸ ಕೊಡುವಾಗ ಗಣಿತದ ಶಿಕ್ಷಕರು ಇಂದಿನ ಪಾಠದಿಂದ ಐದು ಲೆಕ್ಕ ಕೊಡುವ ಬದಲು ಇಂದಿನದು ಎರಡು, ಕಳೆದ ತಿಂಗಳಿನದು ಎರಡು, ಒಂಬತ್ತನೇ ತರಗತಿಯದು ಒಂದು ಕೊಡಲಿ. ಲೆಕ್ಕಗಳ ಸಂಖ್ಯೆ ಹೆಚ್ಚಾಗುವುದಿಲ್ಲ, ಶಿಕ್ಷಕರಿಗೆ ತಿದ್ದುವ ಹೊರೆಯೂ ಹೆಚ್ಚಾಗುವುದಿಲ್ಲ. ಮೊದಮೊದಲು ಮಕ್ಕಳು ಹೆಚ್ಚು ತಪ್ಪು ಮಾಡುತ್ತಾರೆ, ಪೋಷಕರು ಬಂದು ಕೇಳುತ್ತಾರೆ. ಅದಕ್ಕೆ ಎದೆಗುಂದಬಾರದು.

ಕೊಂಚ ನಿಂತು ಬಾಯಿಪಾಠದ ಬಗ್ಗೆ ಹೇಳಬೇಕು. ಬಾಯಿಪಾಠ ಎಂದರೆ ಮೂಗು ಮುರಿಯುವುದು ಈಗ ರೂಢಿ. ಕೂಲಿಮಠಗಳೆಂಬ ನಮ್ಮ ಹಳೆಯ ಊರಶಾಲೆಗಳಲ್ಲಿ ಗುರುಗಳಾದ ಐಗಳು ಮಕ್ಕಳಿಂದ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಕಾಲು ಅರೆ ಮುಕ್ಕಾಲಿನ ಮಗ್ಗಿಯನ್ನೂ ಹೇಳಿಸುತ್ತಿದ್ದರು. ಅಲ್ಲಿ ಹೊಡೆತವಿತ್ತು, ಅರ್ಥ ಹೇಳುವ ವ್ಯವಧಾನ ಕಡಿಮೆಯಿತ್ತು, ಎಲ್ಲ ಜಾತಿಯ ಮಕ್ಕಳಿಗೆ ಬಾಗಿಲೂ ತೆರೆದಿರಲಿಲ್ಲ. ಅದನ್ನೆಲ್ಲ ಮರಳಿ ತರಬೇಕೆಂದು ಯಾರೂ ಹೇಳಲಾರರು. ಆದರೆ ಮಗ್ಗಿಯ ಪದ್ಧತಿಯಲ್ಲಿ ಎರಡು ಒಳ್ಳೆಯ ಅಂಶಗಳಿದ್ದವು. ಪುಸ್ತಕವಿಲ್ಲದೆ ನೆನಪಿನಿಂದಲೇ ಹೇಳಬೇಕಿತ್ತು, ಮತ್ತು ದಿನವೂ ಹೇಳಬೇಕಿತ್ತು. ಏಳೆಂಟಲ ಐವತ್ತಾರು ಎಂಬುದು ಯೋಚಿಸದೆ ಬಾಯಿಗೆ ಬರುವ ಮಗುವಿಗೆ ಭಿನ್ನರಾಶಿ, ಬೀಜಗಣಿತ ಮಾಡುವಾಗ ಮನಸ್ಸು ಬಿಡುವಾಗಿರುತ್ತದೆ. ಅದು ಬಾರದ ಮಗು ಪ್ರತಿ ಹೆಜ್ಜೆಯಲ್ಲೂ ಎಡವಿ, ಲೆಕ್ಕದ ಎಳೆಯನ್ನೇ ಕಳೆದುಕೊಳ್ಳುತ್ತದೆ. ನನಗೆ ತಕರಾರು ಇರುವುದು ಗೈಡಿನ ಉತ್ತರವನ್ನು ಅಲ್ಪವಿರಾಮ ಸಮೇತ ಉರು ಹೊಡೆಸುವ ಬಗ್ಗೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಆ ಉರು ಅಲ್ಲೇ ಕುಸಿಯುತ್ತದೆ. ಮಗ್ಗಿ, ಸೂತ್ರ, ಧಾತುಗಳ ಸಂಕೇತ, ವ್ಯಾಕರಣದ ವಿಭಕ್ತಿ ಪ್ರತ್ಯಯ ಇವು ಬಾಯಿಗೆ ಬರಬೇಕು. ‘ಏಕೆ’, ‘ಹೇಗೆ’ ಎಂಬ ಪ್ರಶ್ನೆಗಳ ಉತ್ತರ ಸ್ವಂತ ಮಾತಿನಲ್ಲಿ ಬರಬೇಕು.

ಸ್ವಂತ ಮಾತು ಎಂದಾಗ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವ ನಮ್ಮ ಮಕ್ಕಳ ಪಾಡು ಕಣ್ಣಿಗೆ ಬರುತ್ತದೆ. ಮನೆಯಲ್ಲಿ, ಬೀದಿಯಲ್ಲಿ, ಆಟದ ಬಯಲಿನಲ್ಲಿ ಕನ್ನಡ. ಪುಸ್ತಕದಲ್ಲಿ ಮಾತ್ರ ಇಂಗ್ಲಿಷ್. ಅರ್ಥವಾಗದ ವಾಕ್ಯವನ್ನು ಹಾಗೆಯೇ ನುಂಗದೆ ಬೇರೆ ದಾರಿಯೇ ಕಾಣುವುದಿಲ್ಲ. ಇಂಥ ಮಗು ಮೊದಲು ವಿಷಯವನ್ನು ಕನ್ನಡದಲ್ಲಿ ಅಜ್ಜಿಗೋ ತಮ್ಮನಿಗೋ ವಿವರಿಸಲಿ. ಕೇಳುವವರಿಗೆ ವಿಜ್ಞಾನ ಗೊತ್ತಿರಬೇಕಾಗಿಲ್ಲ, ‘ಅದ್ಯಾಕೆ ಹಂಗಾಗುತ್ತೆ?’ ಎಂದು ಕೇಳಿದರೆ ಸಾಕು. ವಿವರಿಸಲು ಬಂತೆಂದರೆ ಅರ್ಥವಾಗಿದೆ. ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ಭಾಷೆಯ ಕೆಲಸ ಮಾತ್ರ, ಅದನ್ನು ಬೇರೆಯಾಗಿ ಅಭ್ಯಾಸ ಮಾಡಬಹುದು. ಕನ್ನಡ ಮಾಧ್ಯಮದಿಂದ ಪಿಯುಸಿ ವಿಜ್ಞಾನಕ್ಕೆ ಹೋಗುವವರ ಕಷ್ಟ ಇದರ ಇನ್ನೊಂದು ಮುಖ. ಮೊದಲ ಮೂರು ತಿಂಗಳು ತಾವು ದಡ್ಡರು ಎಂದುಕೊಂಡು ಹಿಂದಿನ ಬೆಂಚಿಗೆ ಸರಿಯುವ ಮಕ್ಕಳಿಗೆ ವಿಷಯ ಗೊತ್ತಿರುತ್ತದೆ, ಹೆಸರುಗಳು ಗೊತ್ತಿರುವುದಿಲ್ಲ. ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಎಡಕ್ಕೆ ದ್ಯುತಿಸಂಶ್ಲೇಷಣೆ, ಬಲಕ್ಕೆ ಫೋಟೋಸಿಂಥಸಿಸ್ ಎಂಬಂತೆ ದಿನಕ್ಕೆ ಹತ್ತು ಪದ ಬರೆದುಕೊಂಡು, ಬಲಬದಿ ಮುಚ್ಚಿ ಹೇಳಿಕೊಂಡರೆ ಕಾಲೇಜು ಶುರುವಾಗುವ ಹೊತ್ತಿಗೆ ಆ ಭಯದ ಬಹುಪಾಲು ಹೋಗಿರುತ್ತದೆ.

ಈಗ ತರಗತಿಯ ಒಳಗೆ ಬರೋಣ. ಪಾಠ ಮುಗಿಸಿದ ಶಿಕ್ಷಕರು ‘ಅರ್ಥ ಆಯ್ತಾ?’ ಎಂದು ಕೇಳುತ್ತಾರೆ. ‘ಆಯ್ತು ಸಾರ್’ ಎಂದು ಇಡೀ ತರಗತಿ ರಾಗವಾಗಿ ಹೇಳುತ್ತದೆ. ಈ ಪ್ರಶ್ನೋತ್ತರದಿಂದ ಶಿಕ್ಷಕರಿಗೆ ಏನೂ ತಿಳಿಯುವುದಿಲ್ಲ. ಪ್ರಶ್ನೆ ಕೇಳಿದರೆ ಮುಂದಿನ ಸಾಲಿನ ಅದೇ ನಾಲ್ಕು ಕೈಗಳು ಏಳುತ್ತವೆ, ಅವರೇ ಉತ್ತರ ಹೇಳುತ್ತಾರೆ, ಪಾಠ ಮುಂದೆ ಹೋಗುತ್ತದೆ. ಉಳಿದ ನಲವತ್ತು ಮಕ್ಕಳು ನೆನಪಿಸಿಕೊಳ್ಳುವ ಶ್ರಮವನ್ನೇ ಪಟ್ಟಿರುವುದಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಕೂತು ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡು ಮಾತ್ರ ಎಂದು ಗೊತ್ತಾಯಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದ ತರಗತಿಗಳಲ್ಲಿ ಮಕ್ಕಳ ಉತ್ತರಗಳು ಉದ್ದವಾದವು, ಎಂದೂ ಬಾಯಿ ಬಿಡದವರು ಮಾತಾಡಿದರು, ‘ಗೊತ್ತಿಲ್ಲ’ ಎನ್ನುವವರು ಕಡಿಮೆಯಾದರು. ಎರಡು ಸೆಕೆಂಡು ಹೆಚ್ಚು ಕಾಯಲು ಇಲಾಖೆಯ ಸುತ್ತೋಲೆ ಬೇಕಿಲ್ಲ.

ಎಲ್ಲ ಶಿಕ್ಷಕರೂ ನಾಳೆಯಿಂದಲೇ ಮಾಡಬಹುದಾದ ಒಂದು ಕೆಲಸವಿದೆ. ತರಗತಿಗೆ ಬಂದ ಕೂಡಲೇ ಹಲಗೆಯ ಮೇಲೆ ನಾಲ್ಕು ಚಿಕ್ಕ ಪ್ರಶ್ನೆ ಬರೆಯಿರಿ: ನಿನ್ನೆಯ ಪಾಠದ್ದು ಒಂದು, ಕಳೆದ ವಾರದ್ದು ಒಂದು, ಕಳೆದ ತಿಂಗಳಿನದು ಒಂದು, ಇಂದಿನ ಪಾಠಕ್ಕೆ ಬೇಕಾಗುವ ಹಿಂದಿನ ವರ್ಷದ್ದು ಒಂದು. ಹಾಜರಿ ಕರೆಯುವಷ್ಟು ಹೊತ್ತಿನಲ್ಲಿ ಮಕ್ಕಳು ಪುಸ್ತಕ ತೆರೆಯದೆ ಉತ್ತರ ಬರೆಯಲಿ. ಬರೆದಾದ ಮೇಲೆ ಉತ್ತರ ಹೇಳಿ, ಅವರವರೇ ತಿದ್ದಿಕೊಳ್ಳಲಿ. ಅಂಕ ಬೇಡ, ದಾಖಲೆ ಬೇಡ. ಎಫ್‌ಎ, ಎಸ್‌ಎ ಮೌಲ್ಯಮಾಪನಗಳೆಂದು ಈಗಾಗಲೇ ತುಂಬಬೇಕಾದ ವಹಿಗಳು ಸಾಕಷ್ಟಿವೆ. ಇದೂ ಇನ್ನೊಂದು ವಹಿಯಾದರೆ ಅಲ್ಲಿಗೆ ಇದರ ಜೀವ ಹೋಗುತ್ತದೆ. ಮೂರನೆಯ ಪ್ರಶ್ನೆಗೆ ಎಷ್ಟು ಮಂದಿಗೆ ಸರಿ ಬಂತು ಎಂದು ಕೈ ಎತ್ತಿಸಿ ನೋಡಿದರೆ ಯಾವ ಪಾಠವನ್ನು ಮತ್ತೆ ಮುಟ್ಟಬೇಕು ಎಂಬುದು ಶಿಕ್ಷಕರಿಗೆ ಆಗಲೇ ತಿಳಿಯುತ್ತದೆ. ಉತ್ತರಗಳನ್ನು ಸ್ಲೇಟಿನ ಮೇಲೆ ಬರೆಸಿ ಒಟ್ಟಿಗೆ ಎತ್ತಿ ಹಿಡಿಸಿದರೆ ಇನ್ನೂ ಒಳ್ಳೆಯದು. ಅರವತ್ತು ಮಕ್ಕಳ ತರಗತಿಯಲ್ಲೂ ಅರ್ಧ ನಿಮಿಷದಲ್ಲಿ ಎಲ್ಲರ ಉತ್ತರ ಕಣ್ಣಿಗೆ ಬೀಳುತ್ತದೆ.

ಅಂಕ ಬೇಡ ಎಂದದ್ದಕ್ಕೆ ಕಾರಣವಿದೆ. ಇಸ್ರೇಲಿನ ರುತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಉತ್ತರಪತ್ರಿಕೆಯ ಮೇಲೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಎರಡೂ ಕೊಡಲಾಯಿತು. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಟಿಪ್ಪಣಿ ಪಡೆದವರು. ಅಂಕ, ಟಿಪ್ಪಣಿ ಎರಡೂ ಪಡೆದವರಿಗೆ ಟಿಪ್ಪಣಿಯ ಲಾಭವೇ ಸಿಗಲಿಲ್ಲ. ಅಂಕ ಕಂಡ ಮಗು ಪಕ್ಕದವನ ಅಂಕ ನೋಡುತ್ತದೆ, ಟಿಪ್ಪಣಿ ಓದುವುದಿಲ್ಲ ಎಂಬುದನ್ನು ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. ಎಲ್ಲ ಪತ್ರಿಕೆಯಲ್ಲೂ ಟಿಪ್ಪಣಿ ಬರೆಯಲು ಸಮಯವಿಲ್ಲ ಎಂಬುದು ನ್ಯಾಯವಾದ ಮಾತು. ಆಗ ಪತ್ರಿಕೆಗಳನ್ನು ತಿದ್ದುವಾಗ ಕಂಡ ಮೂರು ಸಾಮಾನ್ಯ ತಪ್ಪುಗಳನ್ನು ಹಲಗೆಯ ಮೇಲೆ ಬರೆದು, ಅವರವರ ಪತ್ರಿಕೆಯಲ್ಲಿ ಅವನ್ನು ಹುಡುಕಿ ಸರಿ ಮಾಡಲು ಹೇಳಿ, ಅಂಕವನ್ನು ಮರುದಿನ ಹೇಳಬಹುದು.

ನಲಿ-ಕಲಿಯನ್ನು ಇಲ್ಲಿ ನೆನೆಯಬೇಕು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ, ಆಂಧ್ರದ ರಿಷಿವ್ಯಾಲಿಯ ಪ್ರಯೋಗಗಳನ್ನು ನೋಡಿ ಬಂದ ಶಿಕ್ಷಕರು ಕಟ್ಟಿದ ಪದ್ಧತಿ ಅದು. ಪಾಠವನ್ನು ಕಾರ್ಡುಗಳಾಗಿ ಒಡೆದು, ಮೈಲಿಗಲ್ಲುಗಳ ಏಣಿ ಮಾಡಿ, ಮಗು ತನ್ನ ವೇಗದಲ್ಲಿ ಹತ್ತಲಿ, ಒಂದು ಮೆಟ್ಟಿಲು ಬಂದಿದೆಯೇ ಎಂದು ನೋಡಿ ಮುಂದಕ್ಕೆ ಹೋಗಲಿ ಎಂಬುದು ಅದರ ತಿರುಳು. ನಮ್ಮ ಶಿಕ್ಷಕರೇ ನಮ್ಮ ಮಕ್ಕಳಿಗಾಗಿ ರೂಪಿಸಿದ ಈ ಕ್ರಮ ಮುಂದೆ ರಾಜ್ಯದ ಕಿರಿಯ ತರಗತಿಗಳಿಗೆಲ್ಲ ಹೋಯಿತು. ಆದರೆ ಮಗು ಎಲ್ಲಿದೆ ಎಂದು ನೋಡಿ ಮುಂದೆ ಹೋಗುವ ಆ ಸೂಕ್ಷ್ಮ ಪ್ರೌಢಶಾಲೆಗೆ ಬರುವ ಹೊತ್ತಿಗೆ ಮಾಯವಾಗುತ್ತದೆ. ಅಲ್ಲಿ ಸಿಲಬಸ್ ಎಲ್ಲಿದೆ ಎಂಬುದಷ್ಟೇ ಲೆಕ್ಕ.

ಒಂದು ಎಚ್ಚರಿಕೆಯನ್ನೂ ಹೇಳದೆ ಹೋದರೆ ತಪ್ಪಾಗುತ್ತದೆ. ಅರ್ಥವೇ ಆಗದ ಪಾಠದ ಮೇಲೆ ಪುಸ್ತಕ ಮುಚ್ಚಿ ಕೂತರೆ ಪ್ರಯೋಜನವಿಲ್ಲ, ಮಗು ಸೋತು ಸುಮ್ಮನಾಗುತ್ತದೆ. ಹೊಸ ವಿಷಯಕ್ಕೆ, ಅದರಲ್ಲೂ ಗಣಿತಕ್ಕೆ, ಮೊದಲು ಬಿಡಿಸಿದ ಉದಾಹರಣೆಗಳು ಬೇಕು. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲೇ ತೋರಿಸಿದಂತೆ, ಬೀಜಗಣಿತಕ್ಕೆ ಹೊಸಬರಾದವರು ತಾವೇ ತಿಣುಕಾಡುವುದಕ್ಕಿಂತ ಬಿಡಿಸಿದ ಲೆಕ್ಕವನ್ನು ಹೆಜ್ಜೆಹೆಜ್ಜೆಯಾಗಿ ನೋಡಿ ಬೇಗ ಕಲಿಯುತ್ತಾರೆ. ಪೂರ್ತಿ ಬಿಡಿಸಿದ್ದು ಒಂದು, ಕೊನೆಯ ಹೆಜ್ಜೆ ಬಿಟ್ಟದ್ದು ಒಂದು, ಅರ್ಧ ಬಿಟ್ಟದ್ದು ಒಂದು, ಆಮೇಲೆ ಪೂರ್ತಿ ಮಗುವಿನದೇ. ಹಿಂದುಳಿದ ಮಕ್ಕಳನ್ನು ಮೇಲೆತ್ತಲು ಈ ಇಳಿಜಾರಿನಷ್ಟು ಒಳ್ಳೆಯ ದಾರಿ ಇನ್ನೊಂದು ನನಗೆ ಕಂಡಿಲ್ಲ.

ನಿದ್ದೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. 1924ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್, ಕಲಿತ ಮೇಲೆ ನಿದ್ದೆ ಮಾಡಿದರೆ ಎಚ್ಚರವಿದ್ದಾಗಿನದಕ್ಕಿಂತ ಮರೆವು ಕಡಿಮೆ ಎಂದು ಕಂಡುಕೊಂಡರು. ನಂತರದ ನೂರು ವರ್ಷದ ಸಂಶೋಧನೆ ಅದನ್ನು ಗಟ್ಟಿ ಮಾಡಿದೆ. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆವರೆಗೆ ಓದಿ ನಾಲ್ಕಕ್ಕೆ ಏಳುವ ಮಗು ಓದಿದ್ದನ್ನು ಉಳಿಸಿಕೊಳ್ಳುವ ಹೊತ್ತನ್ನೇ ಕಳೆದುಕೊಳ್ಳುತ್ತಿದೆ. ಆ ಮಗುವನ್ನು ಮಲಗಿಸಿ.

ಮನೆಯವರು ಕೇಳುತ್ತಾರೆ, ನಾವು ಶಾಲೆ ಕಲಿತವರಲ್ಲ, ನಾವೇನು ಮಾಡಬಹುದು? ಬಹಳ ಮಾಡಬಹುದು. ‘ಓದಿದೆಯಾ?’ ಎಂದು ಕೇಳಿದರೆ ‘ಹೂಂ’ ಎಂಬ ಉತ್ತರ ಸಿಗುತ್ತದೆ, ಅಷ್ಟೇ. ‘ಇವತ್ತು ಏನು ಓದಿದೆ, ಪುಸ್ತಕ ನನ್ನ ಕೈಗೆ ಕೊಟ್ಟು ಹೇಳು’ ಎಂದು ಕೇಳಿ. ಅಕ್ಷರ ಬಾರದ ತಾಯಿಗೂ ಮಗು ತಡವರಿಸುತ್ತಿದೆಯೋ ಸರಾಗವಾಗಿ ಹೇಳುತ್ತಿದೆಯೋ ಎಂಬುದು ತಿಳಿಯುತ್ತದೆ. ತಡವರಿಸಿದರೆ ಬೈಯದೆ ಪುಸ್ತಕ ವಾಪಸು ಕೊಟ್ಟು, ಅದೊಂದು ಭಾಗ ನೋಡಿಕೊಂಡು ಬಾ ಎನ್ನಿ. ಆ ಹತ್ತು ನಿಮಿಷ ಟಿವಿಯೂ ಮೊಬೈಲೂ ಆಫ್ ಆಗಿರಲಿ, ಮಗುವಿನದೂ ದೊಡ್ಡವರದೂ.

ಕೊನೆಯದಾಗಿ, ಈ ಸಲ ಪಾಸಾಗದೆ ಉಳಿದವರಿಗೆ ಒಂದು ಮಾತು. 2023-24ರಿಂದ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ವ್ಯವಸ್ಥೆ ಬಂದಿದೆ. ಎರಡನೆಯ ಪರೀಕ್ಷೆಗೆ ಸಿಗುವುದು ಕೆಲವೇ ವಾರ. ಆ ವಾರಗಳಲ್ಲಿ ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಓದಲು ಹೋಗಬೇಡಿ. ಮೊದಲು ನಿಮ್ಮ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ ತರಿಸಿಕೊಳ್ಳಿ. ಪ್ರತಿ ಸಿಗುವವರೆಗೆ ಅದೇ ಪ್ರಶ್ನೆಪತ್ರಿಕೆ ಎದುರಿಗಿಟ್ಟುಕೊಂಡು, ಪುಸ್ತಕ ಮುಚ್ಚಿ, ಗಡಿಯಾರ ನೋಡಿ ಪೂರ್ತಿಯಾಗಿ ಬರೆಯಿರಿ. ಪತ್ರಿಕೆ ಓದಿಕೊಳ್ಳಲು ಕೊಡುವ 15 ನಿಮಿಷವನ್ನೂ ಲೆಕ್ಕಕ್ಕೆ ಹಿಡಿದು, ಯಾವ ಪ್ರಶ್ನೆ ಮೊದಲು ಬರೆಯಬೇಕೆಂದು ಆ ಹೊತ್ತಿನಲ್ಲೇ ಗುರುತು ಮಾಡುವ ಅಭ್ಯಾಸ ಮಾಡಿ. ಸ್ಕ್ಯಾನ್ ಪ್ರತಿ ಬಂದಾಗ ಬಿಟ್ಟ ಪ್ರಶ್ನೆ, ಅರ್ಧ ಬರೆದ ಪ್ರಶ್ನೆ, ತಪ್ಪು ತಿಳಿದು ಬರೆದ ಪ್ರಶ್ನೆ ಎಂದು ಮೂರು ಪಟ್ಟಿ ಮಾಡಿಕೊಳ್ಳಿ. ಮೊದಲು ಕೈ ಹಾಕಬೇಕಾದದ್ದು ಅರ್ಧ ಬರೆದ ಪ್ರಶ್ನೆಗಳಿಗೆ. ಅಲ್ಲಿ ನಿಮಗೆ ಆಗಲೇ ಅರ್ಧ ಗೊತ್ತಿದೆ. ಬಿಟ್ಟ ಪ್ರಶ್ನೆಗಳಲ್ಲಿ ಯಾವುದು ನಿಜವಾಗಿ ಅರ್ಥವಾಗಿಲ್ಲ ಎಂದು ಅನ್ನಿಸುತ್ತದೋ ಆ ಪಟ್ಟಿಯನ್ನು ಹಿಡಿದು ನಿಮ್ಮ ಶಾಲೆಯ ಶಿಕ್ಷಕರ ಬಳಿ ಹೋಗಿ. ಯಾವ ಪ್ರಶ್ನೆ, ಯಾವ ಹೆಜ್ಜೆ ಎಂದು ಬೆರಳಿಟ್ಟು ತೋರಿಸುವ ವಿದ್ಯಾರ್ಥಿಗೆ ಹೇಳಿಕೊಡುವುದು ಶಿಕ್ಷಕರಿಗೂ ಸುಲಭ.